ಮಗನ ಕರ್ತವ್ಯ, ತಾಯಿಯ ಪ್ರತಿಭಟನೆ: ಇರಾಕ್ ಯುದ್ಧದ ಸೈನಿಕ ಕುಟುಂಬಗಳ ಕುರಿತು ಒಂದು ಪ್ರಶ್ನೆ

ಪ್ರಶ್ನೆ (ಶಿವಮೊಗ್ಗದ ಓದುಗ):

ಇರಾಕ್ ಯುದ್ಧದ ಕಾಲದ ಒಂದು ವಿವಾದದ ಬಗ್ಗೆ ಇಲ್ಲಿನ ಹಿರಿಯರ, ಅದರಲ್ಲೂ ಸೇನೆಯಲ್ಲಿ ದುಡಿದವರ ಅಭಿಪ್ರಾಯವನ್ನು ತಿಳಿಯಬೇಕೆಂದಿದ್ದೇನೆ. ಅಮೆರಿಕದ ಸೈನಿಕ ಕೇಸಿ ಶೀಹನ್ 2004ರ ಏಪ್ರಿಲ್ 4ರಂದು ಬಾಗ್ದಾದಿನ ಸದ್ರ್ ಸಿಟಿಯಲ್ಲಿ ಮಡಿದಾಗ ಅವನಿಗೆ 24 ವರ್ಷ. ಅವನ ಕೆಲಸ ವಾಹನಗಳ ದುರಸ್ತಿ. ಆದರೂ ಶತ್ರುಗಳ ನಡುವೆ ಸಿಕ್ಕಿಬಿದ್ದ ಜೊತೆಗಾರರನ್ನು ಬಿಡಿಸಿ ತರಲು ಹೊರಟ ತುಕಡಿಯೊಂದಿಗೆ ಹೋಗಿದ್ದ. ಮರುವರ್ಷದ ಆಗಸ್ಟ್‌ನಲ್ಲಿ ಅವನ ತಾಯಿ ಸಿಂಡಿ ಶೀಹನ್, ಅಧ್ಯಕ್ಷ ಜಾರ್ಜ್ ಬುಷ್ ರಜೆ ಕಳೆಯುತ್ತಿದ್ದ ಟೆಕ್ಸಸ್‌ನ ಕ್ರಾಫರ್ಡ್‌ಗೆ ಹೋಗಿ ರಸ್ತೆಬದಿಯಲ್ಲಿ ಕುಳಿತರು. ತನ್ನ ಮಗ ಯಾವ ಘನ ಉದ್ದೇಶಕ್ಕಾಗಿ ಸತ್ತನೆಂದು ಅಧ್ಯಕ್ಷರೇ ಎದುರು ಬಂದು ಹೇಳಬೇಕೆಂಬುದು ಅವರ ಪಟ್ಟು. ಆ ಬಿಡಾರಕ್ಕೆ ಮಗನ ಹೆಸರೇ ಬಂತು. ಗಂಡನ ಕಡೆಯ ಬಂಧುಗಳು ಮಾತ್ರ ಈ ಪ್ರತಿಭಟನೆಯನ್ನು ತಾವು ಒಪ್ಪುವುದಿಲ್ಲವೆಂದು ಹೇಳಿಕೆ ಕೊಟ್ಟರು.

ನನ್ನ ಸಂದೇಹ ಇಷ್ಟು. ಕೇಸಿ 2000ದಲ್ಲಿ ಯಾರ ಬಲವಂತವೂ ಇಲ್ಲದೆ ಸೇನೆಗೆ ಸೇರಿದವನು. ಅವನು ಒಪ್ಪಿಕೊಂಡ ಕರ್ತವ್ಯವನ್ನು ತಾಯಿ, ಅವನ ಸಾವಿನ ಅನಂತರ, ಅವನದೇ ಹೆಸರಿನಲ್ಲಿ ಪ್ರಶ್ನಿಸಬಹುದೆ? ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬ ಸುಳ್ಳಿನ ಮೇಲೆಯೇ ಯುದ್ಧ ನಿಂತಿತ್ತು ಎಂದರೆ ಮಗನ ಸಾವು ವ್ಯರ್ಥವಾಯಿತೆಂದು ತಾಯಿಯೇ ಸಾರಿದಂತೆ ಆಗುವುದಿಲ್ಲವೆ?

ಉತ್ತರ (ನಿವೃತ್ತ ಸುಬೇದಾರ್, ಕೊಡಗು):

ಇದನ್ನು ದೂರದ ದೇಶದ ಕಥೆಯೆಂದು ನಾನು ಓದಲಾರೆ. 2003ರಲ್ಲಿ ಅಮೆರಿಕ ನಮ್ಮಿಂದಲೂ ಒಂದು ಡಿವಿಷನ್ನಿನಷ್ಟು, ಅಂದರೆ ಸುಮಾರು 17,000 ಮಂದಿ ಸೈನಿಕರನ್ನು ಇರಾಕಿಗೆ ಕಳುಹಿಸುವಂತೆ ಕೇಳಿತ್ತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳುಹಿಸುವುದಿಲ್ಲವೆಂದು ವಾಜಪೇಯಿಯವರ ಸರ್ಕಾರ ಜುಲೈ 14ರಂದು ತೀರ್ಮಾನಿಸಿತು. ನಾನು ಆಗ ಸೇವೆಯಲ್ಲಿದ್ದೆ. ದೆಹಲಿಯ ಆ ತೀರ್ಮಾನ ಬೇರೆಯಾಗಿ, ನಮ್ಮ ಪಲ್ಟಣಕ್ಕೆ ಆರ್ಡರ್ ಬಂದಿದ್ದರೆ, ನಾನು ಟ್ರಂಕ್ ಕಟ್ಟಿಕೊಂಡು ಹೊರಡುತ್ತಿದ್ದೆ. ಬಸ್ರಾದಲ್ಲೋ ನಜಾಫಿನಲ್ಲೋ ಕಾವಲು ನಿಲ್ಲುವಾಗ ಈ ಯುದ್ಧ ನ್ಯಾಯವೆ ಎಂದು ಯಾರೂ ನನ್ನನ್ನು ಕೇಳುತ್ತಿರಲಿಲ್ಲ, ನಾನೂ ಯಾರನ್ನೂ ಕೇಳುತ್ತಿರಲಿಲ್ಲ.

ನಾನು ಹೋಗಿದ್ದೆನೆಂಬ ಕಾರಣಕ್ಕೆ ಆ ಯುದ್ಧ ಸರಿಯಾಗುತ್ತಿತ್ತೆ? ಇಲ್ಲ. ಯುದ್ಧ ತಪ್ಪೆಂದು ಮುಂದೆ ತಿಳಿದರೆ ನನ್ನ ಪಕ್ಕದವನನ್ನು ನಾನು ಹೊತ್ತು ತಂದದ್ದು ತಪ್ಪಾಗುತ್ತಿತ್ತೆ? ಅದೂ ಇಲ್ಲ. ಕೇಸಿ ಹೋದದ್ದು ಜೊತೆಗಾರರಿಗಾಗಿ, ಅವನ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ಅವನನ್ನು ಕಳುಹಿಸಿದವರ ಲೆಕ್ಕ ಬೇರೆ. ಸಮವಸ್ತ್ರ ತೊಟ್ಟಿರುವವರೆಗೆ ಸೈನಿಕ ಅದನ್ನು ಕೇಳುವಂತಿಲ್ಲವಾದ್ದರಿಂದ, ಅವನ ಪರವಾಗಿ ಮನೆಯವರು ಕೇಳದಿದ್ದರೆ ಅದನ್ನು ಕೇಳುವವರೇ ಇರುವುದಿಲ್ಲ. ಇಷ್ಟು ಹೇಳಿದರೂ, ಮಡಿದವರ ಹೆಸರನ್ನು ಫಲಕದ ಮೇಲೆ ಬರೆದು ಮೆರವಣಿಗೆ ಮಾಡುವುದನ್ನು ಕಂಡರೆ ನನ್ನ ಮನಸ್ಸಿಗೆ ಕಸಿವಿಸಿಯಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಉತ್ತರ (ಲೀಡ್ಸ್‌ನಲ್ಲಿರುವ ಕನ್ನಡಿಗ):

ಸುಬೇದಾರ್ ಸಾಹೇಬರು ಹೇಳಿದ "ಕಳುಹಿಸಿದವರ ಲೆಕ್ಕ"ವನ್ನು ಬ್ರಿಟನ್ನಿನ ಕುಟುಂಬಗಳು ಬೀದಿಯಲ್ಲಿ ಮಾತ್ರವಲ್ಲ, ಚುನಾವಣೆಯಲ್ಲಿ ಮತ್ತು ನ್ಯಾಯಾಲಯದಲ್ಲಿ ಕೂಡ ಕೇಳಿದವು.

2003ರ ಜೂನ್ 24ರಂದು ಇರಾಕಿನ ಮಜರ್ ಅಲ್-ಕಬೀರ್ ಎಂಬ ಊರಿನ ಪೊಲೀಸ್ ಠಾಣೆಯಲ್ಲಿ ಆರು ಮಂದಿ ಬ್ರಿಟಿಷ್ ಮಿಲಿಟರಿ ಪೊಲೀಸರನ್ನು ಉದ್ರಿಕ್ತ ಗುಂಪೊಂದು ಕೊಂದಿತು. ಅವರ ಬಳಿ ತಲಾ 50 ಗುಂಡುಗಳಿದ್ದವು, ನೆರವು ಕೇಳಲು ಸ್ಯಾಟಲೈಟ್ ಫೋನ್ ಇರಲಿಲ್ಲ. ಅವರಲ್ಲೊಬ್ಬನಾದ ಇಪ್ಪತ್ತು ವರ್ಷದ ಟಾಮ್ ಕೀಸ್‌ನ ತಂದೆ ರೆಗ್ ಕೀಸ್, 2005ರ ಚುನಾವಣೆಯಲ್ಲಿ ಪ್ರಧಾನಿ ಟೋನಿ ಬ್ಲೇರ್ ಅವರ ಸ್ವಂತ ಕ್ಷೇತ್ರವಾದ ಸೆಜ್‌ಫೀಲ್ಡ್‌ನಲ್ಲೇ ಅವರ ವಿರುದ್ಧ ಪಕ್ಷೇತರರಾಗಿ ನಿಂತು 4,252 ಮತಗಳನ್ನು ಪಡೆದರು. ಆ ನೆಲದ ಪದ್ಧತಿಯಂತೆ ಫಲಿತಾಂಶ ಘೋಷಣೆಯ ವೇಳೆ ಎಲ್ಲ ಅಭ್ಯರ್ಥಿಗಳೂ ಒಂದೇ ವೇದಿಕೆಯ ಮೇಲೆ ನಿಂತಿರಬೇಕು. ಹಾಗಾಗಿ ಗೆದ್ದ ಪ್ರಧಾನಿ, ಸೋತ ತಂದೆ ಮಾತು ಮುಗಿಸುವವರೆಗೂ ಅವರ ಹಿಂದೆ ನಿಂತು ಕೇಳಿಸಿಕೊಳ್ಳಬೇಕಾಯಿತು. ಕ್ರಾಫರ್ಡ್‌ನ ರಸ್ತೆಬದಿಯಲ್ಲಿ ಸಿಂಡಿ ಶೀಹನ್ ಅವರಿಗೆ ದಕ್ಕದ ಆ ಕೆಲವು ನಿಮಿಷಗಳನ್ನು ಕೀಸ್ ಅವರಿಗೆ ಒದಗಿಸಿದ್ದು ಕೇವಲ ಚುನಾವಣೆಯ ಒಂದು ವಾಡಿಕೆ ಎಂಬುದು ನನಗೆ ಇಂದಿಗೂ ವಿಚಿತ್ರವಾಗಿ ತೋರುತ್ತದೆ.

ಗ್ಲಾಸ್ಗೋದ ರೋಸ್ ಜೆಂಟಲ್ ಅವರ ಮಗ ಗಾರ್ಡನ್‌ನದು ಇನ್ನೂ ಚಿಕ್ಕ ವಯಸ್ಸು, 19. ಅವನು 2004ರ ಜೂನ್ 28ರಂದು ಬಸ್ರಾದಲ್ಲಿ ರಸ್ತೆಬದಿಯ ಬಾಂಬಿಗೆ ಬಲಿಯಾದ. ಅಂಥ ಬಾಂಬುಗಳು ಸಿಡಿಯದಂತೆ ತಡೆಯುವ ಎಲೆಕ್ಟ್ರಾನಿಕ್ ಉಪಕರಣದ ಬಿಡಿಭಾಗ ಉಗ್ರಾಣಕ್ಕೆ ಬಂದಿದ್ದರೂ ಅವನಿದ್ದ ವಾಹನಕ್ಕೆ ಅಳವಡಿಕೆಯಾಗಿರಲಿಲ್ಲ. ಅಳವಡಿಸಿದ್ದರೆ ಅವನು ಬದುಕಿರುವ ಸಂಭವವೇ ಹೆಚ್ಚು ಎಂದು 2007ರಲ್ಲಿ ಮರಣ ವಿಚಾರಣೆ ನಡೆಸಿದ ಅಧಿಕಾರಿ ಹೇಳಿದರು. ಇಲ್ಲಿ ಕರ್ತವ್ಯ ಯಾರದು? ನಮ್ಮ ಶಾಸನಗಳ ಕಾಲದ ವೀರ ಜೋಳವಾಳಿಗೆ, ಅಂದರೆ ಒಡೆಯನ ಅನ್ನ ಉಂಡ ಋಣಕ್ಕೆ, ಕಟ್ಟುಬಿದ್ದು ಒಡೆಯನಿಗಾಗಿ ಸತ್ತರೆ, ಒಡೆಯನು ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿಯನ್ನು ಬಿಡುತ್ತಿದ್ದ. ಋಣ ಎರಡೂ ಕಡೆಗೆ ಇತ್ತು. ಆಜ್ಞೆ ಪಾಲಿಸುವ ಹೊಣೆ ಸೈನಿಕನದಾದರೆ, ಸಕಾರಣವಾಗಿ ಮತ್ತು ಸಿದ್ಧತೆಯೊಡನೆ ಕಳುಹಿಸುವ ಹೊಣೆ ಸರ್ಕಾರದ್ದು.

ರೋಸ್ ಜೆಂಟಲ್ ಮತ್ತು ಮಗನನ್ನು ಕಳೆದುಕೊಂಡ ಮತ್ತೊಬ್ಬ ತಾಯಿ ಇದೇ ವಾದವನ್ನು ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಒಯ್ದರು. ಬದುಕುವ ಹಕ್ಕನ್ನು ಕಾಪಾಡಬೇಕಾದ ಸರ್ಕಾರವು ಯುದ್ಧ ಕಾನೂನುಬದ್ಧವೇ ಎಂದು ಸರಿಯಾಗಿ ಪರಿಶೀಲಿಸಿತ್ತೇ ಎಂಬುದರ ಬಗ್ಗೆ ಸ್ವತಂತ್ರ ತನಿಖೆಯಾಗಬೇಕೆಂದು ಅವರು ಕೋರಿದ್ದರು. 2008ರ ಏಪ್ರಿಲ್‌ನಲ್ಲಿ ಒಂಬತ್ತು ಮಂದಿ ನ್ಯಾಯಾಧೀಶರೂ ಅದನ್ನು ತಿರಸ್ಕರಿಸಿದರು. ಮರುವರ್ಷವೇ ಇರಾಕ್ ಯುದ್ಧದ ಬಗ್ಗೆ ಬ್ರಿಟನ್ನಿನ ಅಧಿಕೃತ ತನಿಖೆಯಾದ ಚಿಲ್ಕಾಟ್ ವಿಚಾರಣೆ ಆರಂಭವಾಯಿತು. 2016ರ ಜುಲೈ 6ರಂದು ಹೊರಬಂದ ಅದರ ವರದಿ, ಶಾಂತಿಯುತ ಮಾರ್ಗಗಳೆಲ್ಲ ಮುಗಿಯುವ ಮೊದಲೇ ಬ್ರಿಟನ್ ಯುದ್ಧಕ್ಕೆ ಇಳಿಯಿತೆಂದು ಹೇಳಿತು. ಇರಾಕಿನಲ್ಲಿ ಮಡಿದ ಬ್ರಿಟಿಷ್ ಸೈನಿಕರು ಮತ್ತು ಸೇನಾ ಸಿಬ್ಬಂದಿ 179. ಆ ಮನೆಗಳಲ್ಲಿ ಕೆಲವರು ವರ್ಷಾನುಗಟ್ಟಲೆ ಸುಮ್ಮನಿರದೆ ಒತ್ತಾಯಿಸಿದ್ದು ಈ ವಿಚಾರಣೆಗೆ ಒಂದು ಕಾರಣವೆಂದೇ ನಾನು ತಿಳಿದಿದ್ದೇನೆ. ಮಕ್ಕಳ ಸಾವು ವ್ಯರ್ಥವೆಂದು ಸಾರುವುದು ಅವರ ಉದ್ದೇಶವಾಗಿದ್ದರೆ, ಅಷ್ಟು ಕಾಲ ಕಾಗದಪತ್ರ ಹಿಡಿದು ಅಲೆಯುವ ಅಗತ್ಯವೇ ಇರಲಿಲ್ಲ.

ಮರುಪ್ರಶ್ನೆ (ಶಿವಮೊಗ್ಗದ ಓದುಗ):

ಇಬ್ಬರಿಗೂ ಕೃತಜ್ಞ. ಆದರೂ ಎರಡು ಸಂಗತಿಗಳು ಉಳಿದುಕೊಂಡಿವೆ. ಕ್ರಾಫರ್ಡ್‌ನಲ್ಲಿ ಮಡಿದವರ ಹೆಸರು ಬರೆದ ಬಿಳಿ ಶಿಲುಬೆಗಳನ್ನು ಸಾಲಾಗಿ ನೆಟ್ಟಿದ್ದರು. ಯುದ್ಧವನ್ನು ಬೆಂಬಲಿಸುತ್ತಿದ್ದ ಕೆಲವು ತಂದೆತಾಯಿಯರು ಬಂದು ತಮ್ಮ ಮಕ್ಕಳ ಶಿಲುಬೆಗಳನ್ನು ಕಿತ್ತುಕೊಂಡು ಹೋದರು. ಅವರೂ ದುಃಖಿತರೇ ಅಲ್ಲವೆ? ಇನ್ನೊಂದು: ಈ ಯುದ್ಧ ಕಾನೂನುಬಾಹಿರವೆಂದು 2006ರಲ್ಲಿ ಇರಾಕಿಗೆ ಹೋಗಲು ಬಹಿರಂಗವಾಗಿಯೇ ನಿರಾಕರಿಸಿದ ಅಮೆರಿಕದ ಸೇನಾಧಿಕಾರಿ ಲೆಫ್ಟಿನೆಂಟ್ ಎಹ್ರೆನ್ ವಟಾಡ ಅವರಂಥವರನ್ನು ಸೇನೆಯವರಾದ ತಾವು ಹೇಗೆ ಕಾಣುತ್ತೀರಿ?

ಉತ್ತರ (ನಿವೃತ್ತ ಸುಬೇದಾರ್, ಕೊಡಗು):

ವಟಾಡ ಓಡಿಹೋಗಿ ಅಡಗಿಕೊಳ್ಳಲಿಲ್ಲ. ಸಮವಸ್ತ್ರದಲ್ಲೇ ನಿಂತು ಕೋರ್ಟ್ ಮಾರ್ಷಲ್ ಎದುರಿಸಿದರು. ಯುದ್ಧ ಕಾನೂನುಬದ್ಧವೇ ಎಂಬ ವಾದವನ್ನು ಅಲ್ಲಿ ಎತ್ತಲು ನ್ಯಾಯಾಧೀಶರು ಬಿಡಲಿಲ್ಲ, ವಿಚಾರಣೆಯೂ ಅರ್ಧಕ್ಕೆ ರದ್ದಾಯಿತು, ಕೊನೆಗೆ 2009ರಲ್ಲಿ ಅವರನ್ನು ಸೇನೆಯಿಂದ ಬಿಡುಗಡೆ ಮಾಡಿದರು. ಅವರ ಧೈರ್ಯವನ್ನು ನಾನು ಗೌರವಿಸುತ್ತೇನೆ, ಆದರೆ ಅವರ ದಾರಿಯನ್ನು ಹಿಡಿಯುತ್ತಿರಲಿಲ್ಲ. ನನ್ನ ಕೈಕೆಳಗಿನ ಮೂವತ್ತು ಹುಡುಗರು ಹೊರಟಿರುವಾಗ ನಾನೊಬ್ಬ ಹಿಂದೆ ಉಳಿದರೆ, ನನ್ನ ಜಾಗಕ್ಕೆ ಅವರನ್ನು ಅರಿಯದ ಇನ್ನೊಬ್ಬ ಬರುತ್ತಾನೆ, ಯುದ್ಧವೇನೂ ನಿಲ್ಲುವುದಿಲ್ಲ. ಕೆಲವರು ಇದನ್ನು ಹೇಡಿತನವೆಂದಾರು, ಅನ್ನಲಿ.

ಶಿಲುಬೆಗಳ ವಿಷಯದಲ್ಲಿ ಕಿತ್ತುಕೊಂಡು ಹೋದ ತಂದೆತಾಯಿಯರ ಪಕ್ಷ ನನ್ನದು. ಸಿಂಡಿ ಶೀಹನ್ ಅವರಿಗೆ ಕೇಸಿಯ ಹೆಸರಿನ ಮೇಲೆ ಇದ್ದ ಅಧಿಕಾರ ಬೇರೆ ಮನೆಯ ಮಗನ ಹೆಸರಿನ ಮೇಲೆ ಇರಲಿಲ್ಲ. ನೆಡುವ ಮೊದಲು ಆ ಮನೆಗಳನ್ನು ಕೇಳಬೇಕಿತ್ತು. ನನ್ನ ಹೆಸರಿನ ಮಾತಾದರೆ, ನಾನು ಸೇವೆಯಲ್ಲಿದ್ದಾಗಲೇ ಮಡಿದಿದ್ದರೆ ಅದು ನನ್ನ ಹೆಂಡತಿಯ ಪಾಲಿಗೆ ಸೇರುತ್ತಿತ್ತು. ಅವಳು ಅದನ್ನು ಮಡಿಕೇರಿಯ ಯುದ್ಧಸ್ಮಾರಕದ ಮುಂದೆ ಓದಿಸಿದ್ದರೂ, ದೆಹಲಿಗೆ ಹೋಗಿ ಮಂತ್ರಿಗಳ ಮನೆಯ ಮುಂದೆ ಕೂಗಿದ್ದರೂ ನನ್ನ ಆಕ್ಷೇಪಣೆ ಇರುತ್ತಿರಲಿಲ್ಲ.