ಮಿಲ್ರಿನೋನ್ (ರಕ್ತನಾಳ ಸಡಿಲಿಸೋ ಔಷಧ) ನೆಬುಲೈಸ್ ಮಾಡಿದ್ರೂ (ಮಂಜಾಗಿಸಿ ಉಸಿರಲ್ಲಿ ಕೊಟ್ರೂ) ಪಿಎ ಪ್ರೆಷರ್ (ಶ್ವಾಸಕೋಶಕ್ಕೆ ಹೋಗೋ ರಕ್ತನಾಳದ ಒತ್ತಡ) ಇಳೀತಿಲ್ಲ, ಮೇಲೆ ವೆಂಟಿಲೇಟರ್ ಅಲಾರಂ ಬೇರೆ

ಐಸಿಯು_ದಾವಣಗೆರೆ:
ಹೃದಯದ ಮೈಟ್ರಲ್ ವಾಲ್ವ್ ಬದಲಿಸಿದ ಕೇಸ್. ಆರ್‌ವಿ (ಹೃದಯದ ಬಲ ಕೆಳಕೋಣೆ) ಉಬ್ಬಿದೆ, ಸಿವಿಪಿ (ಹೃದಯಕ್ಕೆ ಬರೋ ದೊಡ್ಡ ಸಿರೆಯ ಒತ್ತಡ) 18, ಪಿಎ ಮೀನ್ (ಸರಾಸರಿ) 42, ಬಿಪಿ ಹಿಡಿಯೋಕೆ ನಾರ್‌ಅಡ್ರಿನಲಿನ್ ಓಡ್ತಿದೆ. ಮಿಲ್ರಿನೋನ್ 5 ಮಿ.ಗ್ರಾಂ ನೆಬುಲೈಸ್ ಮಾಡಿದ್ರೂ ಚೂರೂ ಫರಕಿಲ್ಲ. ಜೊತೆಗೆ ಪೀಕ್ ಪ್ರೆಷರ್ (ವೆಂಟಿಲೇಟರ್ ಗಾಳಿ ತಳ್ಳುವಾಗಿನ ಗರಿಷ್ಠ ಒತ್ತಡ) 24 ಇದ್ದದ್ದು 38 ಆಗಿ ಅಲಾರಂ ಹೊಡ್ಕೊಳ್ತಾನೇ ಇದೆ. ಈ ಔಷಧಾನೇ ದಂಡವಾ?

ಕೋಟೆ_ಕಲ್ಲು:
ಡೋಸ್ ಸಾಲಲ್ಲ ರೀ. ಕೆ.ಜಿ.ಗೆ 80 ಮೈಕ್ರೋಗ್ರಾಂ ಕೊಡಿ. ಸಲೈನ್ ಬೆರೆಸಬೇಡಿ, ವಯಲ್‌ನಲ್ಲಿ ಮಿ.ಲೀ.ಗೆ 1 ಮಿ.ಗ್ರಾಂ ಇರುತ್ತೆ, ಹಾಗೇ ಹಾಕಿ.

ಐಸಿಯು_ದಾವಣಗೆರೆ:
ಹಾಗೇ ಹಾಕಿದ್ದು. ತೂಕ 58.

ಕೋಟೆ_ಕಲ್ಲು:
ಆದ್ರೂ ಡೋಸ್ ಏರಿಸಿ ನೋಡಿ.

ಹರಿಹರ_ನೆಬ್:
58ಕ್ಕೆ 80ರ ಲೆಕ್ಕ 4.6 ಮಿ.ಗ್ರಾಂ ಅಣ್ಣ, ಅವರು ಕೊಟ್ಟಿದ್ದು ಅದಕ್ಕಿಂತ ಜಾಸ್ತೀನೇ. ಜೆಟ್ ನೆಬುಲೈಸರ್ ಇದ್ರೆ ಬದಲಿಸಿ. ಗೋಡೆಯ ಗ್ಯಾಸ್ ನಿಮಿಷಕ್ಕೆ 6-8 ಲೀಟರ್ ಸರ್ಕ್ಯೂಟ್‌ಗೆ ನುಗ್ಗಿದ್ರೆ ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿ), ಟ್ರಿಗರ್ (ಪೇಷೆಂಟ್ ಉಸಿರೆಳೆದದ್ದನ್ನ ಮೆಷಿನ್ ಗುರುತಿಸೋದು) ಎರಡೂ ಕೆಡುತ್ತೆ. ನಮ್ಮಲ್ಲಿ ಎಲ್ಲಾ ಬೆಡ್‌ಗೂ ಮೆಶ್ (ಗ್ಯಾಸ್ ಬೇಡದೆ ಕಂಪಿಸೋ ಜಾಲರಿಯಿಂದ ಮಂಜು ಮಾಡೋ ನೆಬುಲೈಸರ್).

ಕೋಟೆ_ಕಲ್ಲು:
ಮೆಶ್ ಇಲ್ಲದ ಕಾಲದಲ್ಲೂ ಪೇಷೆಂಟ್ ಬದುಕ್ತಿದ್ರು ಬಿಡ್ರಿ.

ಐಸಿಯು_ದಾವಣಗೆರೆ:
ನಮ್ಮದೂ ಮೆಶ್ಶೇ. ಇನ್‌ಸ್ಪಿರೇಟರಿ ಲಿಂಬ್‌ನಲ್ಲಿ (ಗಾಳಿ ಒಳಗೆ ಹೋಗೋ ಕೊಳವೆ), ವೈ-ಪೀಸ್‌ಗಿಂತ (ಒಳ-ಹೊರ ಕೊಳವೆ ಸೇರೋ ಜಾಗ) ಹಿಂದೆ.

ಪರ್ಫ್ಯೂಷನ್_ಅಕ್ಕ:
ವೈ-ಪೀಸ್‌ಗೂ ಇಟಿ ಟ್ಯೂಬ್‌ಗೂ (ಶ್ವಾಸನಾಳದ ಕೊಳವೆ) ನಡುವೆ ಎಚ್‌ಎಂಇ (ಉಸಿರಿನ ಬಿಸಿ, ತೇವ ಹಿಡಿದಿಡೋ ಫಿಲ್ಟರ್) ಇದೆಯಾ? ಪ್ಲಾಟೋ (ಗಾಳಿ ಹರಿವು ನಿಂತಾಗಿನ ಒತ್ತಡ) ಎಷ್ಟು?

ಐಸಿಯು_ದಾವಣಗೆರೆ:
ಎಚ್‌ಎಂಇ ಎಲ್ಲರಿಗೂ ಇರುತ್ತಲ್ಲ ಮೇಡಂ. ಪ್ಲಾಟೋ 19, ಮೊದಲೂ ಅಷ್ಟೇ.

ಪರ್ಫ್ಯೂಷನ್_ಅಕ್ಕ:
ಅಲ್ಲೇ ಇದೆ ನೋಡಿ ಕಥೆ. ಮಂಜನ್ನೆಲ್ಲಾ ಎಚ್‌ಎಂಇ ಕುಡೀತಿದೆ, ಶ್ವಾಸಕೋಶಕ್ಕೆ ಔಷಧ ಮುಟ್ಟೇ ಇಲ್ಲ. ಪ್ಲಾಟೋ ಅಲ್ಲೇ ಇದ್ದು ಪೀಕ್ ಮಾತ್ರ ಏರಿದ್ರೆ ಅದು ರೆಸಿಸ್ಟೆನ್ಸ್ (ಗಾಳಿ ದಾರಿಯ ಅಡ್ಡಿ), ನೆನೆದ ಫಿಲ್ಟರ್‌ದೇ. ಅದನ್ನ ತೆಗೆದು ಹೀಟೆಡ್ ಹ್ಯೂಮಿಡಿಫೈಯರ್ ಹಾಕಿ, ಮೆಶ್ಶನ್ನ ಅದರ ಒಣ ಕಡೆಗೆ, ಗ್ಯಾಸ್ ಒಳಗೆ ಹೋಗೋ ಬಾಯಿಗೆ ಕೂರಿಸಿ. ಎಕ್ಸ್‌ಪಿರೇಟರಿ ವಾಲ್ವ್ ಮುಂದೆ ಹೊಸ ಫಿಲ್ಟರ್ ಇರಲಿ. ಅದೂ ನೆನೆಯುತ್ತೆ, ಬದಲಿಸದಿದ್ರೆ ಗಾಳಿ ಹೊರಗೆ ಹೋಗದೆ ಆಟೋ-ಪೀಪ್ (ಒಳಗೇ ಉಳಿದ ಗಾಳಿಯ ಒತ್ತಡ) ಕಟ್ಟಿ ಆರ್‌ವಿ ಇನ್ನೂ ಸೋಲುತ್ತೆ. ಎಬಿಜಿ (ಅಪಧಮನಿ ರಕ್ತದ ಗ್ಯಾಸ್ ಪರೀಕ್ಷೆ) ನೋಡಿ. ಕಾರ್ಬನ್ ಡೈಆಕ್ಸೈಡ್ ಏರಿ ಪಿಎಚ್ ಇಳಿದಿದ್ರೆ ಯಾವ ಇನ್ಹೇಲ್ಡ್ ಔಷಧವೂ ಪೂರ್ತಿ ಕೆಲಸ ಮಾಡಲ್ಲ.

ಹರಿಹರ_ನೆಬ್:
ಇಷ್ಟೆಲ್ಲಾ ಯಾಕೆ, ನೈಟ್ರಿಕ್ ಆಕ್ಸೈಡ್ (ಶ್ವಾಸಕೋಶದ ರಕ್ತನಾಳ ಸಡಿಲಿಸೋ ಗ್ಯಾಸ್) 20 ಪಿಪಿಎಂ ಹಚ್ಚಿ. ನಮ್ಮ ಡೆಲಿವರಿ ಯೂನಿಟ್ ಹೊಸದು, ಬ್ಯಾಟರಿ ಬ್ಯಾಕಪ್ ಕೂಡ ಇದೆ.

ಕೋಟೆ_ಕಲ್ಲು:
ಸಿಲಿಂಡರ್ ಖಾಲಿಯಾದ್ರೆ ಬೆಂಗಳೂರಿಂದ ಬರಬೇಕು. ನಡುವೆ ತಟ್ಟನೆ ನಿಂತ್ರೆ ರಿಬೌಂಡ್‌ನಲ್ಲಿ ಪಿಎ ಮೊದಲಿಗಿಂತ ಮೇಲೆ ಹೋಗುತ್ತೆ. 20, 10, 5, ಆಮೇಲೆ ಒಂದೊಂದೇ ಪಿಪಿಎಂ ಇಳಿಸಬೇಕು. ಮೆಟ್‌ಹಿಮೋಗ್ಲೋಬಿನ್ (ಆಮ್ಲಜನಕ ಒಯ್ಯಲಾಗದ ಹಿಮೋಗ್ಲೋಬಿನ್) ಬೇರೆ ನೋಡ್ತಿರಬೇಕು.

ಐಸಿಯು_ದಾವಣಗೆರೆ:
ಎಚ್‌ಎಂಇ ತೆಗೆದ ತಕ್ಷಣ ಪೀಕ್ 25. ಮುಂದಿನ ಡೋಸ್ ಮೇಲೆ ಪಿಎ ಮೀನ್ 35, ಬಿಪಿ ಬಿದ್ದಿಲ್ಲ. ಎಬಿಜಿ ಕಳಿಸಿದೀವಿ.

ಹರಿಹರ_ನೆಬ್:
ಮೆಶ್ ಯಾವ ಕಂಪನಿದು?