ಮಗಳಿಗೆ ಯಾವ ಕಾಲೇಜು? ಆಪ್ಷನ್ ಎಂಟ್ರಿಗೆ ಮುಂಚಿನ ಪ್ರಶ್ನೋತ್ತರ

ಪ್ರಶ್ನೆ (ಅರಸೀಕೆರೆ ಕಡೆಯ ತಾಯಿ):

ಸರ್, ಮಗಳಿಗೆ ಸಿಇಟಿ ಇಂಜಿನಿಯರಿಂಗ್ ರ‍್ಯಾಂಕ್ 26 ಸಾವಿರದ ಹತ್ತಿರ ಬಂದಿದೆ. ನಾವು ಹಿಂದುಳಿದ ವರ್ಗ 2ಎ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲೇ ಓದಿದ್ದಾಳೆ. ಅವಳಿಗೆ ಎಲೆಕ್ಟ್ರಾನಿಕ್ಸ್ ಬೇಕು, ಹಾಸನದಲ್ಲಿ ಸಿಕ್ಕರೂ ಖುಷಿ ಅನ್ನುತ್ತಾಳೆ. ತೋಟದ ಮೋಟರಿನ ಸ್ಟಾರ್ಟರ್ ಕೆಟ್ಟರೆ ಮೆಕ್ಯಾನಿಕ್ ಬರುವುದರೊಳಗೆ ಇವಳೇ ಮುಚ್ಚಳ ಬಿಚ್ಚಿ ಕೂತಿರುತ್ತಾಳೆ. ಅವರಪ್ಪ ಮಾತ್ರ ಬೆಂಗಳೂರಲ್ಲಿ ಯಾವ ಕಾಲೇಜಾದರೂ ಸರಿ, ಕಂಪ್ಯೂಟರ್ ಸೈನ್ಸೇ ಆಗಬೇಕು ಅಂತಾರೆ. ಮೂರು ದಿನದಿಂದ ಇಬ್ಬರಿಗೂ ಮಾತಿಲ್ಲ. ಇನ್ನೊಂದು, ಇಷ್ಟದ ಕ್ರಮದಲ್ಲಿ ಬರೆಯುವ ಆಪ್ಷನ್ ಪಟ್ಟಿಯಲ್ಲಿ ಸಿಗುವುದು ಕಷ್ಟವಾದ ಕಾಲೇಜುಗಳನ್ನು ಮೇಲೆ ಹಾಕಿದರೆ ಕೆಳಗಿನ ಸೀಟೂ ಕೈ ತಪ್ಪುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ನಿಜವಾ?

ಉತ್ತರ (ನಿವೃತ್ತ ಎಲೆಕ್ಟ್ರಾನಿಕ್ಸ್ ಉಪನ್ಯಾಸಕ, ಈಗ ಪ್ರವೇಶ ಸಲಹೆಗಾರ):

ಅಮ್ಮ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಈ ಹೆದರಿಕೆಯಿಂದ ಒಳ್ಳೆ ರ‍್ಯಾಂಕಿನ ಮಕ್ಕಳೂ ಪಟ್ಟಿ ಕೆಡಿಸಿಕೊಳ್ಳುವುದನ್ನು ನೋಡಿದ್ದೇನೆ. ಅದು ನಿಜ ಅಲ್ಲ. ಸಿಇಟಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ರ‍್ಯಾಂಕ್ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನು ತೆರೆಯುತ್ತದೆ. ನಿಮ್ಮ ಮಗಳ ಸರದಿ ಬಂದಾಗ ಮೊದಲನೆಯ ಆಪ್ಷನ್ ನೋಡುತ್ತದೆ, ಅಲ್ಲಿ ಸೀಟಿಲ್ಲ ಅಂದರೆ ಎರಡನೆಯದು, ಆಮೇಲೆ ಮೂರನೆಯದು, ಹೀಗೆ ಇಳಿಯುತ್ತಾ ಹೋಗುತ್ತದೆ. ನಲವತ್ತನೆಯ ಆಪ್ಷನ್ ನೋಡುವಾಗಲೂ ಅವಳ ಸರದಿ ಅದೇ. ಅವಳ ನಂತರದ ರ‍್ಯಾಂಕಿನವರು ಅದೇ ವರ್ಗದ ಸೀಟನ್ನು ಅವಳಿಗಿಂತ ಮುಂಚೆ ತೆಗೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಆಸೆ ಇರುವುದೆಲ್ಲ ಮೇಲೆ ಬರಲಿ. ಕೆಡುವುದು ಎಲ್ಲಿ ಗೊತ್ತಾ? ಸೇರುವ ಮನಸ್ಸೇ ಇಲ್ಲದ ಕಾಲೇಜನ್ನು "ಇರಲಿ" ಅಂತ ಮೇಲೆ ಹಾಕಿದಾಗ. ಅದು ಸಿಕ್ಕಿಬಿಟ್ಟರೆ ಅದರ ಕೆಳಗಿನದೆಲ್ಲ ಅಲ್ಲಿಗೇ ಮುಗಿಯಿತು.

ಮಗಳ ದಾಖಲೆ ಪರಿಶೀಲನೆಯ ವೆರಿಫಿಕೇಶನ್ ಸ್ಲಿಪ್ ತೆಗೆದು ಗ್ರಾಮೀಣ ಕೋಟಾ ನಮೂದಾಗಿದೆಯಾ ಅಂತ ಇವತ್ತೇ ನೋಡಿ. ಇದ್ದರೆ ಅವಳಿಗೆ ಜಿಎಂ (ಎಲ್ಲರಿಗೂ ತೆರೆದ ಸಾಮಾನ್ಯ ಸೀಟು), 2ಎಜಿ (2ಎ ಸಾಮಾನ್ಯ), 2ಎಆರ್ (2ಎ ಗ್ರಾಮೀಣ) ಎಲ್ಲದರಲ್ಲೂ ಅವಕಾಶ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಅದೂ ದಾಖಲಾಗಿದ್ದರೆ 2ಎಕೆ ಕೂಡ. ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಮೀಸಲು. ಕೆಇಎ ಜಾಲತಾಣದಲ್ಲಿ ಕಳೆದ ವರ್ಷದ ಕಟಾಫ್ ಪಟ್ಟಿ, ಅಂದರೆ ಯಾವ ಸೀಟು ಯಾವ ರ‍್ಯಾಂಕಿನವರೆಗೆ ಹೋಯಿತು ಅನ್ನುವ ಪಟ್ಟಿ, ಇರುತ್ತದೆ. ತುಂಬ ಜನ ಜಿಎಂ ಕಾಲಂ ಮಾತ್ರ ನೋಡಿ ನಿರಾಸೆಯಾಗಿ ಮುಚ್ಚಿಡುತ್ತಾರೆ. ನೀವು 2ಎಜಿ, 2ಎಆರ್ ಕಾಲಂಗಳನ್ನೂ ನೋಡಿ. ಮೊದಲ ಸುತ್ತಿನದು, ಕೊನೆಯ ಸುತ್ತಿನದು ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ನೋಡಿ.

ಇನ್ನು ಅಪ್ಪ ಮಗಳ ಜಗಳ. ಯಜಮಾನರ ಭಯ ನನಗೆ ಅರ್ಥವಾಗುತ್ತದೆ, ಮಗಳಿಗೆ ಕೆಲಸ ಸಿಗಬೇಕು ಅನ್ನುವುದೇ ಅಲ್ವಾ? ಆದರೆ "ಯಾವ ಕಾಲೇಜಾದರೂ ಸರಿ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನುವ ಮಿತಿಯನ್ನು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇ 2024-25ರಿಂದ ಕೆಲವು ಷರತ್ತುಗಳ ಮೇಲೆ ತೆಗೆದಿದೆ. ಕಂಪ್ಯೂಟರ್ ಸೈನ್ಸ್ ಸೆಕ್ಷನ್ನುಗಳು ಒಂದರ ಮೇಲೊಂದು ಏರಿದ ಕಾಲೇಜುಗಳಿವೆ. ಸೆಕ್ಷನ್ ಏರಿದಷ್ಟು ಬೇಗ ಪಾಠ ಮಾಡುವವರು ಸಿಗುವುದಿಲ್ಲ. ನಾನು ಮೊದಲು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಹುಡುಗರು ಇಪ್ಪತ್ತು ಜನ ಲ್ಯಾಬಿಗೆ ಬಂದರೆ ಸರಿಯಾಗಿ ನಡೆಯುತ್ತಿದ್ದ ಆಸಿಲೋಸ್ಕೋಪ್ (ವಿದ್ಯುತ್ ಅಲೆಯನ್ನು ಪರದೆ ಮೇಲೆ ತೋರಿಸುವ ಉಪಕರಣ) ಮೂರು. ನಾಬ್ ತಿರುಗಿಸುತ್ತಿದ್ದವನು ಒಬ್ಬ, ಉಳಿದವರು ಅವನ ರೀಡಿಂಗ್ ನೋಡಿ ರೆಕಾರ್ಡ್ ಬರೆಯುತ್ತಿದ್ದರು. ನಾಲ್ಕು ವರ್ಷ ಓದಿಯೂ ಸರ್ಕ್ಯೂಟ್ ಕೈಯಲ್ಲಿ ಮುಟ್ಟದೆ ಹೊರಗೆ ಹೋದವರಿದ್ದಾರೆ, ಅವರ ಮುಖ ಇವತ್ತಿಗೂ ನೆನಪಿದೆ. ಆದ್ದರಿಂದ ನನ್ನ ಸಲಹೆ ಒಂದೇ. ಪಟ್ಟಿಯ ಮೇಲಿನ ನಾಲ್ಕೈದು ಕಾಲೇಜುಗಳಿಗೆ ಮೂವರೂ ಒಟ್ಟಿಗೆ ಹೋಗಿ ಬನ್ನಿ. ಪಾಠ ನಡೆಯುವ ದಿನವೇ ಹೋಗಬೇಕು, ಅಡ್ಮಿಷನ್ ಮೇಳದ ದಿನ ಅಲ್ಲ.

ಹೋದಾಗ ಅಡ್ಮಿಷನ್ ಆಫೀಸಿನಲ್ಲಿ ಕೂರಬೇಡಿ. ಕ್ಯಾಂಟೀನಿಗೆ ಹೋಗಿ, ಮೂರನೇ ವರ್ಷದ ಮಕ್ಕಳನ್ನು ಮಾತಾಡಿಸಿ. ಮಗಳೇ ಕೇಳಲಿ, ನೀವು ಸ್ವಲ್ಪ ದೂರ ಇರಿ. "ಕಳೆದ ವಾರ ಲ್ಯಾಬ್ ಆಯ್ತಾ? ಗಣಿತಕ್ಕೆ ಈ ಸೆಮಿಸ್ಟರ್ ಎಷ್ಟು ಮೇಷ್ಟ್ರು ಬದಲಾದರು?" ಇಷ್ಟು ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ. ನೀವು ಲ್ಯಾಬಿನ ಉಪಕರಣಗಳ ಕವರ್ ಮೇಲಿನ ಧೂಳು ನೋಡಿ. ಹುಡುಗಿಯರ ಹಾಸ್ಟೆಲಿನ ನೀರು, ಬಾತ್‌ರೂಮು, ಸಂಜೆ ಎಷ್ಟು ಗಂಟೆಗೆ ಗೇಟು ಹಾಕುತ್ತಾರೆ, ಇದನ್ನೂ ನಾಚಿಕೆ ಇಲ್ಲದೆ ಕೇಳಿ.

ಪ್ರಶ್ನೆ (ತುಮಕೂರಿನ ಸದಸ್ಯರು):

ಸರ್, ಎಲ್ಲ ಕಾಲೇಜಿನವರೂ 40 ಲಕ್ಷದ ಪ್ಯಾಕೇಜ್ ಬಂತು ಅಂತ ಬೋರ್ಡ್ ಹಾಕುತ್ತಾರೆ. ಯಾವುದನ್ನು ನಂಬುವುದು? ನ್ಯಾಕ್, ಎನ್‌ಬಿಎ ಅಂತಾರಲ್ಲ, ಎರಡೂ ಒಂದೇನಾ?

ಉತ್ತರ:

ಬೋರ್ಡಿನಲ್ಲಿರುವುದು ಒಬ್ಬ ಹುಡುಗನ ಸಂಬಳ. ನಿಮ್ಮ ಮಗುವಿಗೆ ಬೇಕಾದದ್ದು ಮಧ್ಯದವನ ಸಂಬಳ, ಅಂದರೆ ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಲ್ಲುವವನದು. ಎನ್‌ಐಆರ್‌ಎಫ್‌ಗೆ (ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್) ಅರ್ಜಿ ಹಾಕಿದ ಕಾಲೇಜು ಈ ಮಧ್ಯದ ಸಂಬಳ, ಎಷ್ಟು ಮಕ್ಕಳು ಸೇರಿದರು, ಎಷ್ಟು ಜನ ಸಮಯಕ್ಕೆ ಸರಿಯಾಗಿ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಲ್ಲವನ್ನೂ ಬರೆದು ಕೊಟ್ಟಿರುತ್ತದೆ. ಕಾಲೇಜಿನ ಜಾಲತಾಣದ ಮೂಲೆಯಲ್ಲಿ ಎನ್‌ಐಆರ್‌ಎಫ್ ಅಂತ ಒಂದು ಕೊಂಡಿ ಇರುತ್ತದೆ, ತೆರೆದು ನೋಡಿ. ಸೇರಿದವರಿಗೂ ಸಮಯಕ್ಕೆ ಪಾಸಾದವರಿಗೂ ನಡುವೆ ಅಂತರ ಜಾಸ್ತಿ ಇದ್ದರೆ ನನಗೆ ಅಲ್ಲೇ ಅನುಮಾನ.

ನ್ಯಾಕ್ ಇಡೀ ಕಾಲೇಜಿಗೆ ಕೊಡುವ ಮಾನ್ಯತೆ. ಎನ್‌ಬಿಎ ಒಂದೊಂದು ಬ್ರಾಂಚಿಗೆ ಬೇರೆ ಬೇರೆ. ಕಾಲೇಜಿಗೆ ಎನ್‌ಬಿಎ ಇದೆ ಅಂದರೆ "ಯಾವ ಬ್ರಾಂಚಿಗೆ, ಎಲ್ಲಿಯವರೆಗೆ?" ಅಂತ ಕೇಳಿ. ಮೆಕ್ಯಾನಿಕಲ್‌ಗೆ ಇದ್ದು ಎಲೆಕ್ಟ್ರಾನಿಕ್ಸ್‌ಗೆ ಇಲ್ಲದೇ ಇರಬಹುದು.

ಒಬ್ಬ ವಿದ್ಯಾರ್ಥಿನಿ:

ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಈಗ ಐದನೇ ಸೆಮಿಸ್ಟರ್. ನಮ್ಮ ಮನೆಯಲ್ಲಿ ದುಡ್ಡಿನ ವಿಷಯ ಮೊದಲೇ ಹೇಳಿರಲಿಲ್ಲ. ಸೀಟು ಸಿಕ್ಕಿ ಖುಷಿಯಲ್ಲಿದ್ದಾಗ ಅಪ್ಪ ಸಾಲ ಮಾಡಿದ್ದು ಗೊತ್ತಾಯಿತು. ಆಮೇಲೆ ಪ್ರತಿ ಪರೀಕ್ಷೆಯಲ್ಲೂ ಅದೇ ತಲೆಯಲ್ಲಿ ಕೂತಿರುತ್ತಿತ್ತು. ದಯವಿಟ್ಟು ಮೊದಲೇ ಹೇಳಿ, ನಮಗೆ ಅರ್ಥವಾಗುತ್ತದೆ.

ಉತ್ತರ:

ಈ ಮಗು ಹೇಳಿದ್ದನ್ನು ಎಲ್ಲ ಪೋಷಕರೂ ಎರಡು ಸಲ ಓದಿ. ಒಂದು ಹಾಳೆಯಲ್ಲಿ ಕಾಲೇಜು ಫೀಸು, ಹಾಸ್ಟೆಲ್, ಊಟ, ಬಸ್ಸು, ಲ್ಯಾಪ್‌ಟಾಪ್ ಎಲ್ಲವನ್ನೂ ಬರೆದು ನಾಲ್ಕು ವರ್ಷಕ್ಕೆ ಕೂಡಿಸಿ ಮಕ್ಕಳ ಮುಂದೆ ಇಡಿ. ಅರಸೀಕೆರೆ ತಾಯಿಗೆ: ಹಾಸನಕ್ಕೆ ನಿಮ್ಮೂರಿಂದ ರೈಲೂ ಇದೆ, ಬಸ್ಸೂ ಇದೆ. ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರಿಂದ ಅಲ್ಲಿದೆ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗಿನ ಸ್ವಾಯತ್ತ ಕಾಲೇಜು. ಪಠ್ಯ, ಪರೀಕ್ಷೆ ಅವರದು, ಪದವಿ ವಿಟಿಯುದ್ದೇ. ಹಾಸನ ಅಂದರೆ ಕಡಿಮೆ ಅಂತ ಯಜಮಾನರು ಅಂದುಕೊಳ್ಳುವುದು ಬೇಡ. ಆದರೆ ದಿನಾ ಓಡಾಡುವುದಾದರೆ ಬೆಳಗ್ಗೆ ಹೋಗಿ ಸಂಜೆ ಬರುವ ಅದೇ ರೈಲಿನಲ್ಲಿ ಒಂದು ಸಲ ನೀವೂ ಹೋಗಿ ಬನ್ನಿ. ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಆದಾಯ ಇದ್ದರೆ ಎಸ್‌ಎನ್‌ಕ್ಯೂ ಅಂತ ಶೇ 5 ಹೆಚ್ಚುವರಿ ಸೀಟುಗಳಿವೆ, ಅದರಲ್ಲಿ ಬೋಧನಾ ಶುಲ್ಕ ಇರುವುದಿಲ್ಲ, ಬೇರೆ ಶುಲ್ಕಗಳು ಇರುತ್ತವೆ. ಆದಾಯ ಪ್ರಮಾಣಪತ್ರ ಸರಿ ಇರಲಿ.

ಪ್ರಶ್ನೆ (ಅರಸೀಕೆರೆ ತಾಯಿ, ಒಂಬತ್ತು ದಿನದ ನಂತರ):

ಸರ್, ಹಾಸನಕ್ಕೂ ಹೋದೆವು, ಬೆಂಗಳೂರಿನ ಎರಡು ಕಾಲೇಜಿಗೂ ಹೋದೆವು. ಬೆಂಗಳೂರಿನ ಒಂದರಲ್ಲಿ ಲ್ಯಾಬ್ ತೋರಿಸಿ ಅಂದರೆ ಬೀಗದ ಕೈ ಇಲ್ಲ ಅಂದರು. ಅವರಪ್ಪ ಅಲ್ಲಿಂದ ಊರಿಗೆ ಬರುವವರೆಗೂ ಸುಮ್ಮನೆ ಕಿಟಕಿ ಹೊರಗೆ ನೋಡುತ್ತಾ ಕೂತಿದ್ದರು. ರಾತ್ರಿ ಊಟ ಆದಮೇಲೆ ಮಗಳನ್ನು ಕರೆದು "ಪಟ್ಟಿ ನೀನೇ ಬರಿ, ನಾನು ಕೂತು ಕೇಳ್ತೀನಿ" ಅಂದರು. ಬರೆದಿದ್ದಾಳೆ, 32 ಆಗಿದೆ. ಅಣಕು ಹಂಚಿಕೆಯಲ್ಲಿ ಆರನೆಯದು ಬಂದಿದೆ. ಅಸಲಿ ಸುತ್ತಿನಲ್ಲೂ ಅದೇ ಬಂದರೆ ಚಾಯ್ಸ್ 1 ಕೊಡುವುದಾ, 2 ಕೊಡುವುದಾ?

ಉತ್ತರ:

ಓದಿ ತುಂಬ ಖುಷಿಯಾಯಿತು ಅಮ್ಮ. ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ.

ಅಣಕು ಹಂಚಿಕೆ ಬರೀ ಅಂದಾಜು, ಅದಾದ ಮೇಲೆ ಎಲ್ಲರೂ ಪಟ್ಟಿ ತಿದ್ದುತ್ತಾರೆ, ಆದ್ದರಿಂದ ಅದನ್ನೇ ನಂಬಿಕೊಂಡು ಕೆಳಗಿನದನ್ನು ಅಳಿಸಬೇಡಿ. ಚಾಯ್ಸ್ 1 ಅಂದರೆ ಈ ಸೀಟು ಸಾಕು, ಶುಲ್ಕ ಕಟ್ಟಿ ಸೇರುತ್ತೇನೆ. ಚಾಯ್ಸ್ 2 ಅಂದರೆ ಇದು ಕೈಯಲ್ಲಿರಲಿ, ಮೇಲಿನದು ಸಿಗುತ್ತದಾ ನೋಡುತ್ತೇನೆ. 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. 4 ಅಂದರೆ ಪ್ರಕ್ರಿಯೆಯಿಂದಲೇ ಹೊರಗೆ. 2 ಕೊಟ್ಟವರಿಗೆ ಮೇಲಿನ ಐದರಲ್ಲಿ ಒಂದು ಸಿಕ್ಕರೆ ಈಗಿನ ಆರನೆಯದು ತಾನಾಗಿಯೇ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹಾಗಾಗಿ ಮಗಳನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿ: "ಒಂದನೆಯದು ಸಿಕ್ಕರೆ ಆರನೆಯದನ್ನು ಬಿಟ್ಟು ಹೋಗುತ್ತೀಯಾ? ಎರಡನೆಯದು?" ಯಾವುದಕ್ಕೆ ಅವಳು ತಡೆದು ಯೋಚಿಸುತ್ತಾಳೋ ಅದನ್ನು ಮುಂದಿನ ಸುತ್ತಿಗೆ ಮುಂಚೆ ಅಳಿಸಿ. ಐದಕ್ಕೂ ಹೌದು ಅಂದರೆ ಧೈರ್ಯವಾಗಿ 2 ಕೊಡಿ. 3 ಮಾತ್ರ ನಿಮಗೆ ಬೇಡ. ಕೆಇಎ ಈ ವರ್ಷದ ಸೂಚನೆಯನ್ನೂ ಒಮ್ಮೆ ಓದಿ, ಶುಲ್ಕ ಕಟ್ಟುವ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸೈಬರ್ ಸೆಂಟರಿಗೆ ಹೋದರೂ ಮಗಳೇ ಕೀಲಿಮಣೆ ಮುಂದೆ ಕೂರಲಿ, ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಸೇವ್ ಮಾಡಿದ ಮೇಲೆ ಪಟ್ಟಿಯನ್ನು ಪ್ರಿಂಟ್ ತೆಗೆದು, ಕಾಲೇಜು ಕೋಡ್, ಬ್ರಾಂಚ್ ಕೋಡ್ ಎರಡನ್ನೂ ಅವಳು ಗಟ್ಟಿಯಾಗಿ ಓದಲಿ, ಅವರಪ್ಪ ಹಾಳೆಯಲ್ಲಿ ಟಿಕ್ ಹಾಕುತ್ತಾ ಹೋಗಲಿ.