‘ಸ್ಪೈನ್ ಕ್ಲಿಯರ್’ ಎಂಬ ಮಾತಿಗೆ ಕನ್ನಡದಲ್ಲಿ ಏನೆನ್ನಬಹುದು?

ಮಾನ್ಯರೇ,

ತೀವ್ರವಾಗಿ ಗಾಯಗೊಂಡವರ ಬೆನ್ನುಮೂಳೆಗೆ ಬಿದ್ದ ಪೆಟ್ಟನ್ನು ಸ್ಕ್ಯಾನ್ ಮಾಡಿ ಪತ್ತೆಹಚ್ಚುವ ಬಗೆಯನ್ನು ಕುರಿತು, ವೈದ್ಯರಲ್ಲದ ಓದುಗರಿಗಾಗಿ ಒಂದು ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಯಂತ್ರಗಳ ಹೆಸರುಗಳು ತೊಡಕಾಗಲಿಲ್ಲ. ಎಕ್ಸ್‌ರೇ, ಸಿಟಿ, ಎಂಆರ್‌ಐ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಕಾಂತೀಯ ಅನುರಣನ ಚಿತ್ರಣ’ ಎಂದು ಬರೆದು ಓದುಗರನ್ನು ದಣಿಸುವ ಅಗತ್ಯ ನನಗೆ ಕಾಣುವುದಿಲ್ಲ. ತೊಡಕಾಗಿರುವುದು ತುರ್ತು ಚಿಕಿತ್ಸೆಯ ವೈದ್ಯರು ದಿನವೂ ಆಡುವ ಒಂದು ಸಣ್ಣ ಮಾತು: ‘ಸ್ಪೈನ್ ಕ್ಲಿಯರ್ ಆಯಿತೇ?’

ಬೆನ್ನುಮೂಳೆಗೆ ಪೆಟ್ಟಾಗಿರಬಹುದೆಂಬ ಅನುಮಾನವಿದ್ದಾಗ ಗಾಯಾಳುವಿನ ಕುತ್ತಿಗೆಗೆ ಕಾಲರ್ ತೊಡಿಸಿ, ಆದಷ್ಟೂ ಅಲುಗದಂತೆ ಮಲಗಿಸಿರುತ್ತಾರೆ. ಆ ಅನುಮಾನಕ್ಕೆ ಆಧಾರವಿಲ್ಲವೆಂದು ಖಚಿತಪಡಿಸಿಕೊಂಡು ಕಾಲರನ್ನು ತೆಗೆಯಲು ಒಪ್ಪುವ ನಿರ್ಧಾರವೇ ‘ಕ್ಲಿಯರ್’. ಗಾಯಾಳು ಪೂರ್ಣ ಎಚ್ಚರದಲ್ಲಿದ್ದು, ಅಮಲಿನಲ್ಲಿರದೆ, ಕುತ್ತಿಗೆಯ ಹಿಂಬದಿಯ ನಡುಗೆರೆಯನ್ನು ಒತ್ತಿದಾಗ ನೋವಿಲ್ಲವೆಂದು ಹೇಳಿ, ಕೈಕಾಲುಗಳ ಬಲ ಮತ್ತು ಸ್ಪರ್ಶಜ್ಞಾನ ಸರಿಯಾಗಿದ್ದು, ಆ ನೋವನ್ನು ಮರೆಸುವಂಥ ಬೇರೆ ದೊಡ್ಡ ಗಾಯವೂ ಇಲ್ಲದಿದ್ದರೆ, 2000ರಲ್ಲಿ ಪ್ರಕಟವಾದ ‘ನೆಕ್ಸಸ್’ ಮಾನದಂಡಗಳ ಪ್ರಕಾರ ಕುತ್ತಿಗೆಯ ಚಿತ್ರ ತೆಗೆಯುವ ಅಗತ್ಯವೇ ಬೀಳುವುದಿಲ್ಲ. ಪ್ರಜ್ಞೆ ತಪ್ಪಿದವರು ನೋವನ್ನು ಹೇಳಲಾರರು. ಅವರ ವಿಷಯದಲ್ಲಿ ತೀರ್ಮಾನದ ಭಾರವೆಲ್ಲ ಸಿಟಿಯ ಮೇಲೆ ಬೀಳುತ್ತದೆ. ಅಂದರೆ ‘ಕ್ಲಿಯರ್’ ಎಂಬುದು ಚಿತ್ರದ ಗುಣವಲ್ಲ, ವೈದ್ಯರ ತೀರ್ಮಾನ.

ಇದನ್ನು ಮರೆತರೆ ‘ಬೆನ್ನುಮೂಳೆ ಸ್ಪಷ್ಟವಾಗಿದೆ’ ಎಂಬಂಥ ಅನುವಾದ ಹುಟ್ಟುತ್ತದೆ. ಓದಿದವರು ಚಿತ್ರ ಚೆನ್ನಾಗಿ ಬಂದಿದೆ ಎಂದು ತಿಳಿಯುತ್ತಾರೆ. ಚಿತ್ರ ಸ್ಪಷ್ಟವಾಗಿ ಬರುವುದೂ ಇಲ್ಲಿ ಮುಖ್ಯವೇ ಆಗಿರುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ: ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಕುತ್ತಿಗೆಯ ಏಳನೆಯ ಮೂಳೆ ಎದೆಭಾಗದ ಮೊದಲ ಮೂಳೆಯನ್ನು ಸೇರುವ ಜಾಗವನ್ನು ಭುಜಗಳು ಎಷ್ಟೋ ಸಲ ಮರೆಮಾಡುತ್ತವೆ. ಆ ಜಾಗ ಕಾಣದೆ ಕುತ್ತಿಗೆಯನ್ನು ಕ್ಲಿಯರ್ ಎನ್ನುವಂತಿಲ್ಲ.

‘ತೆರವು’ ಎಂದರೆ ಒತ್ತುವರಿಯ ನೆನಪಾಗುತ್ತದೆ. ‘ಖುಲಾಸೆ’ ಎಂಬ ನ್ಯಾಯಾಲಯದ ಪದವು ಅರ್ಥಕ್ಕೆ ಆಶ್ಚರ್ಯಪಡುವಷ್ಟು ಹತ್ತಿರವಿದೆ, ಆದರೆ ಮೂಳೆಯನ್ನು ಕಟಕಟೆಯಲ್ಲಿ ನಿಲ್ಲಿಸಿದಂತಾಗುತ್ತದೆ. ಸದ್ಯಕ್ಕೆ ನಾನು ‘ನೀಗು’ ಧಾತುವಿನ ಕಡೆಗೆ ವಾಲಿದ್ದೇನೆ: ‘ಕುತ್ತಿಗೆಯ ಬಗೆಗಿನ ಅನುಮಾನ ನೀಗಿತು, ಬೆನ್ನಿನದು ಇನ್ನೂ ನೀಗಿಲ್ಲ.’ ಒಂದು ಕಡೆ ಮುರಿತ ಕಂಡರೆ ಉಳಿದ ಬೆನ್ನುಮೂಳೆಯನ್ನೂ ಪೂರ್ತಿಯಾಗಿ ಚಿತ್ರಿಸಿ ನೋಡುವುದು ವೈದ್ಯರ ರೂಢಿಯಾದ್ದರಿಂದ, ಹೀಗೆ ಭಾಗಭಾಗವಾಗಿ ಹೇಳಲು ಒದಗುವ ಪದವೇ ಬೇಕು.

ಎರಡನೆಯ ತೊಡಕು ‘ಬೆನ್ನುಮೂಳೆ’ ಮತ್ತು ‘ಬೆನ್ನುಹುರಿ’ಗಳನ್ನು ಒಂದರ ಬದಲು ಇನ್ನೊಂದನ್ನು ಬಳಸುವ ಅಭ್ಯಾಸ. ಮೂಳೆಯೆಂದರೆ ಗೂಡು, ಹುರಿಯೆಂದರೆ ಅದರೊಳಗೆ ಹಾದುಹೋಗುವ ನರಮಂಡಲದ ಭಾಗ. ಮೂಳೆಯ ಮುರಿತವನ್ನು ಸಿಟಿ ಚೆನ್ನಾಗಿ ತೋರಿಸುತ್ತದೆ. ಹುರಿಯ ಬಾವು ಅಥವಾ ರಕ್ತಸ್ರಾವವನ್ನು ನೋಡಲು ಎಂಆರ್‌ಐ ಬೇಕು. ಮೂಳೆ ಮುರಿದರೂ ಹುರಿಗೆ ಏನೂ ಆಗದಿರಬಹುದು. ಎಕ್ಸ್‌ರೇಯಲ್ಲೂ ಸಿಟಿಯಲ್ಲೂ ಮುರಿತ ಕಾಣದಿದ್ದರೂ ಹುರಿಗೆ ಪೆಟ್ಟಾಗಿರಬಹುದು. ಮೇಲಾಗಿ ವಯಸ್ಕರಲ್ಲಿ ಹುರಿಯು ಸಾಮಾನ್ಯವಾಗಿ ಸೊಂಟದ ಒಂದನೆಯ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲೇ ಮುಗಿಯುತ್ತದೆ. ಹೀಗಿರುವಾಗ ಸೊಂಟದ ಐದನೆಯ ಮೂಳೆ ಮುರಿದದ್ದನ್ನು ‘ಬೆನ್ನುಹುರಿ ಮುರಿತ’ ಎಂದು ಬರೆದರೆ ಅದು ಭಾಷೆಯ ತಪ್ಪಷ್ಟೇ ಅಲ್ಲ, ಅಲ್ಲಿ ಹುರಿಯೇ ಇಲ್ಲ. ಇರುವುದು ಕೆಳಗಿಳಿಯುವ ನರಬೇರುಗಳು. ಈ ಎರಡು ಪದಗಳ ವಿಷಯದಲ್ಲಿ ನನಗೆ ಸಂಶಯವಿಲ್ಲ; ಬೇರೆಬೇರೆಯಾಗಿಯೇ ಉಳಿಯಬೇಕು.

ಮೂರನೆಯ ತೊಡಕಾದ ‘ಅನ್‌ಸ್ಟೇಬಲ್ ಫ್ರ್ಯಾಕ್ಚರ್’ ಎಂಬ ಮಾತಿನಲ್ಲಿ ಮಾತ್ರ ನಿಜವಾಗಿಯೂ ಸಿಕ್ಕಿಕೊಂಡಿದ್ದೇನೆ. ಮೈಯ ಸಾಮಾನ್ಯ ಭಾರಕ್ಕೆ, ಚಲನೆಗೆ ಜಾಗ ಬಿಟ್ಟು ಸರಿದು ಹುರಿಯನ್ನು ಒತ್ತಬಲ್ಲ ಮುರಿತವನ್ನು ‘ಅಸ್ಥಿರ ಮುರಿತ’ ಎಂದು ಬರೆಯಬಹುದು. ಮೂಳೆಗಳನ್ನು ಪರಸ್ಪರ ಬಿಗಿದಿಡುವ ಕಟ್ಟಿಗೆ ‘ಅಸ್ಥಿರಜ್ಜು’ ಎಂಬ ಪದ ಈಗಾಗಲೇ ಬಳಕೆಯಲ್ಲಿದೆ. ಈ ಕಟ್ಟು ಹರಿಯುವುದೇ ಅನೇಕ ಸಲ ಮುರಿತ ಅಸ್ಥಿರವಾಗಲು ಕಾರಣವಾಗಿರುವುದರಿಂದ ‘ಅಸ್ಥಿರಜ್ಜು ಹರಿದು ಅಸ್ಥಿರವಾದ ಮುರಿತ’ ಎಂಬ ವಾಕ್ಯವನ್ನು ತಪ್ಪಿಸಿಕೊಳ್ಳಲಾಗುವುದಿಲ್ಲ. ಮೊದಲನೆಯ ಪದದಲ್ಲಿರುವುದು ಅಸ್ಥಿ, ಎರಡನೆಯದರಲ್ಲಿ ಸ್ಥಿರದ ನಿಷೇಧ. ಸಾಮಾನ್ಯ ಓದುಗರ ಕಣ್ಣಿಗೆ ಎರಡೂ ಒಂದೇ ಬೇರಿನವು. ‘ಜಾರುವ ಮುರಿತ’ ಎಂದರೆ ಡಿಸ್ಕ್ ಜಾರುವುದರೊಂದಿಗೆ ಬೆರೆಯುತ್ತದೆ. ‘ಸಡಿಲ ಮುರಿತ’ ಎಂದರೆ ಅಪಾಯದ ಸೂಚನೆ ಸಾಲದು. ‘ನೆಲೆತಪ್ಪುವ ಮುರಿತ’ ಎಂದು ಬರೆದು ನೋಡಿದ್ದೇನೆ, ಆದರೆ ಈಗಾಗಲೇ ನೆಲೆ ತಪ್ಪಿದ್ದಕ್ಕೂ ಮುಂದೆ ತಪ್ಪಬಹುದಾದದ್ದಕ್ಕೂ ಅದರಲ್ಲಿ ವ್ಯತ್ಯಾಸ ಉಳಿಯುವುದಿಲ್ಲ. ಸಿಟಿಯನ್ನು ನೋಡುವ ವೈದ್ಯರು ಮುಖ್ಯವಾಗಿ ಕೇಳಿಕೊಳ್ಳುವುದು ಆ ಎರಡನೆಯದನ್ನೇ.

ಮೂಳೆಚಿಕಿತ್ಸೆಯ ಅಥವಾ ರೇಡಿಯಾಲಜಿಯ ವಿಭಾಗಗಳಲ್ಲಿ ಕೆಲಸಮಾಡುವವರು ಗಾಯಾಳುವಿನ ಮನೆಯವರಿಗೆ ಕನ್ನಡದಲ್ಲಿ ವಿವರಿಸುವಾಗ ಈ ‘ಮುಂದೆ ಸರಿಯಬಹುದಾದ’ ಮುರಿತಕ್ಕೆ ಏನೆನ್ನುತ್ತಾರೆ? ‘ಅನುಮಾನ ನೀಗಿತು’ ಎಂಬುದು ಅವರ ಕಿವಿಗೆ ಒಗ್ಗುತ್ತದೆಯೇ?